ಗುರುಮಲ್ಲಪ್ಪನವರ ಅಂದಾಜು ತಕ್ಕಡಿ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ, ಮೈಸೂರಿನ ಸರಸ್ವತಿಪುರಂನಲ್ಲಿ ಹಾರ್ಡ್‌ವೇರ್ ಅಂಗಡಿಯ ಮೇಲಿರುವ ಪುಟ್ಟ ಸಾಫ್ಟ್‌ವೇರ್ ಕಂಪನಿಯಲ್ಲಿ, ಗುರುಮಲ್ಲಪ್ಪನವರು ಮೇಜಿನ ಮೇಲಿದ್ದ ಬೆಡ್‌ಶೀಟನ್ನು ಎಳೆದರು. ಅಡಿಯಲ್ಲಿ ಒಂದು ತಕ್ಕಡಿ ಇತ್ತು.

"ಬರೀ ತಕ್ಕಡಿ ಅಲ್ಲ! ಮಾತಿನ ತೂಕ ನೋಡೋ ತಕ್ಕಡಿ!"

ಗುರುಮಲ್ಲಪ್ಪ ಬಾಸ್ ಪ್ರಸಾದನ ಮಾವ. ಮೂವತ್ತೊಂದು ವರ್ಷ ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರ್ ಆಗಿ ವ್ಯಾಪಾರಿಗಳ ನಿದ್ದೆ ಕೆಡಿಸಿ ನಿವೃತ್ತರಾದವರು. ಆಮೇಲೆ ಅವರಿಗೆ ಹಿಡಿಯಲು ಯಾರೂ ಸಿಕ್ಕಿರಲಿಲ್ಲ. ಅಳಿಯನ ಆಫೀಸಿನಲ್ಲಿ ಆರು ಜನ ಸಿಕ್ಕರು.

ಟೀಮ್ ಲೀಡ್ ವಾರಿಜಾಳ ಕಣ್ಣು ಮಾತ್ರ ಗೋಡೆಯ ಪರದೆಯ ಮೇಲಿತ್ತು. ಉಳಿದ ಕೆಲಸ ಎಷ್ಟೆಂದು ತೋರಿಸುವ ಗೆರೆ ಅದು. ಮೂರು ವಾರದಿಂದ ಇಳಿಯುವ ಬದಲು ಹೈಟೆನ್ಶನ್ ತಂತಿಯ ಹಾಗೆ ಅಡ್ಡಕ್ಕೆ ಹೋಗುತ್ತಿತ್ತು. ಶುಕ್ರವಾರ ತಿಪಟೂರಿನಲ್ಲಿ ಅವಳ ತಂಗಿಯ ಸೀಮಂತ. ನಾಲ್ಕು ದಿನದ ರಜೆ ಕೇಳಿದ್ದಕ್ಕೆ ಪ್ರಸಾದ್ ಹೇಳಿದ್ದಿಷ್ಟೇ: "ಆ ಗೆರೆ ನೆಲ ಮುಟ್ಟಲಿ ವಾರಿಜಾ. ಮುಟ್ಟಿದ ದಿನ ಹೊರಡಿ."

"ಎಲ್ಲಿ, ನೀವು ಹೆಂಗೆ ಅಂದಾಜು ಮಾಡ್ತೀರಿ ತೋರ್ಸಿ," ಎಂದರು ಗುರುಮಲ್ಲಪ್ಪ.

ಎಲ್ಲರೂ ವಾಡಿಕೆಯಂತೆ, ಒಂದು ಕೆಲಸಕ್ಕೆ ಎಷ್ಟು ಪಾಯಿಂಟ್ ಎಂದು ಹೇಳುವ ಇಸ್ಪೀಟಿನಂಥ ನಂಬರಿನ ಎಲೆಗಳನ್ನು ಒಟ್ಟಿಗೆ ಎತ್ತಿ ಹಿಡಿದರು. ಒಂದು, ಎರಡು, ಮೂರು, ಐದು, ಎಂಟು, ಹೀಗೇ ಹಿಂದಿನೆರಡನ್ನು ಕೂಡಿಸುತ್ತಾ ಎಂಬತ್ತೊಂಬತ್ತರ ತನಕ. ಗುರುಮಲ್ಲಪ್ಪ ಇಡೀ ಕಟ್ಟನ್ನು ಎರಡು ಸಲ ಎಣಿಸಿದರು. ಮುಖ ಕೆಂಪಾಯಿತು.

"ನಾಲ್ಕು ಎಲ್ರೀ? ಆರು, ಏಳು? ಅಂಗಡಿಯವನು ಹಿಂಗೆ ತೂಕದ ಬಟ್ಟು ಬಚ್ಚಿಟ್ಟಿದ್ರೆ ಅಲ್ಲೇ ಕೇಸ್ ಹಾಕ್ತಿದ್ದೆ!"

"ಅದು ಪದ್ಧತಿ ಸರ್, ನಾವು ಬಚ್ಚಿಟ್ಟಿಲ್ಲ," ಎಂದಳು ವಾರಿಜಾ.

"ಒಂದು ಪಾಯಿಂಟ್ ಅಂದ್ರೆ ಎಷ್ಟು ಗಂಟೆ?"

"ಗಂಟೆ ಅಲ್ಲ ಸರ್. ಅದು... ಕಷ್ಟದ ಪ್ರಮಾಣ."

"ಯಾರ ಕಷ್ಟ?"

ಎಲ್ಲರೂ ತಮ್ಮ ತಮ್ಮ ಕಡೆ ಬೆರಳು ತೋರಿಸಿಕೊಂಡರು. ಮೂಲಮಾನವಿಲ್ಲದ ಅಳತೆಯನ್ನು ಗುರುಮಲ್ಲಪ್ಪ ಒಪ್ಪುವವರಲ್ಲ. ಇಡೀ ಕಂಪನಿಯಲ್ಲಿ ಶುರುವಾಗಿ ಮುಗಿಯುವ ಕೆಲಸ ಯಾವುದೆಂದು ಹುಡುಕಿದರು. ಒಂದೇ ಒಂದು ಸಿಕ್ಕಿತು: ಜಯಮ್ಮನ ಟೀ. ಜಯಮ್ಮ ಆರು ಜನಕ್ಕೆ ಒಂದು ಸಲ ಟೀ ಮಾಡುವ ಹೊತ್ತೇ ಒಂದು ಪಾಯಿಂಟ್ ಎಂದು ಘೋಷಿಸಿ, ತಕ್ಕಡಿಯ ಮುಳ್ಳಿಗೆ ಆ ಎಲೆಗಳ ನಂಬರನ್ನೇ ಬರೆದು, ಒಲೆಯಿಂದ ತಕ್ಕಡಿಗೆ ವೈರ್ ಎಳೆದರು.

ಮೊದಲು ಪ್ರೋಗ್ರಾಮರ್ ಕಿರೀಟಿ ಬಂದ. ಕೆಲಸ ಬರೆದ ಹಳದಿ ಚೀಟಿಯನ್ನು ತಟ್ಟೆಯ ಮೇಲಿಟ್ಟು ಎಂದಿನಂತೆ ಹೇಳಿದ: "ಲಾಗಿನ್ ಪೇಜ್. ಮೂರು ಪಾಯಿಂಟ್. ಆಲ್ಮೋಸ್ಟ್ ಆಗೋಯ್ತು."

ತಕ್ಕಡಿ ಅವನ ದನಿಯ ನಡುಕವನ್ನೂ ಹೋದ ವರ್ಷದ ದಾಖಲೆಯನ್ನೂ ಕೂಡಿಸಿ ನೋಡಿತು. ಮುಳ್ಳು ಎಂಬತ್ತೊಂಬತ್ತಕ್ಕೆ ಹೋಗಿ ನಿಂತಿತು. ಪಕ್ಕದಿಂದ ಕಬ್ಬಿಣದ ಕೈಯೊಂದು ಬಂದು ಚೀಟಿಯನ್ನು ಹಿಡಿದು ಕೆಳಗಿನ ಪೆಟ್ಟಿಗೆಗೆ ಹಾಕಿಕೊಂಡಿತು.

"ಏನ್ ಸಾರ್ ಇದು!"

"ಜಪ್ತಿ," ಎಂದರು ಗುರುಮಲ್ಲಪ್ಪ ತೃಪ್ತಿಯಿಂದ. "ಸರಿಯಿದ್ರೆ ಮುದ್ರೆ, ಸುಳ್ಳಾದ್ರೆ ಜಪ್ತಿ."

"ಮುದ್ರೆ ಬಿದ್ದದ್ದೇ ಅಂತಿಮ," ಎಂದು ಪ್ರಸಾದ್ ಎಲ್ಲರಿಗೂ ಕೇಳುವಂತೆ ಹೇಳಿದ. "ನಾನೂ ಎರಡು ಮಾತಾಡಲ್ಲ."

ಮಂಗಳವಾರ ಪವಾಡ ನಡೆಯಿತು. ಯಾರು ಏನು ಹೇಳಿದರೂ ತಕ್ಕಡಿ ಠಪ್ ಠಪ್ ಎಂದು ಮುದ್ರೆ ಒತ್ತಿತು. ನಲವತ್ತು ಚೀಟಿಗೂ ಮುದ್ರೆ! ಪ್ರಸಾದ್ ಅಲ್ಲೇ ನಿಂತು ಗಿರಾಕಿಗೆ ಮೆಸೇಜ್ ಹಾಕಿದ: ನಿಮ್ಮ ಕಲ್ಯಾಣ ಮಂಟಪದ ಬುಕಿಂಗ್ ಸಾಫ್ಟ್‌ವೇರ್ ಶುಕ್ರವಾರ ಕೈಗೆ.

ವಾರಿಜಾಗೆ ಅನುಮಾನ ಬಂತು; ಅಡುಗೆ ಕೋಣೆಗೆ ಹೋದಳು. ಜಯಮ್ಮ ಒಲೆಯ ಮುಂದೆ ಕೆನ್ನೆಗೆ ಕೈಯಿಟ್ಟು ಕೂತಿದ್ದಳು.

"ಗ್ಯಾಸ್ ಮುಗೀತಾ ಬಂದದೆ ಕಣವ್ವ. ಉರೀನೇ ಇಲ್ಲ. ಒಂದೂವರೆ ಗಂಟೆ ಆಯ್ತು, ನೀರಿಗೆ ಇನ್ನೂ ಬಿಸೀನೇ ಹತ್ತಿಲ್ಲ."

ವಾರಿಜಾ ಓಡಿಬಂದಳು. "ಸರ್, ಟೀ ನಿಧಾನ ಆಗಿದೆ! ಪಾಯಿಂಟೇ ಉದ್ದ ಆಗೋಗಿದೆ, ಅದಕ್ಕೇ ಎಲ್ಲಾ ಕೆಲಸ ಚಿಕ್ಕದಾಗಿ ಕಾಣ್ತಿದೆ!"

"ಶುಭ ಸಮಯದಲ್ಲಿ ಅಪಶಕುನ ನುಡೀಬೇಡಿ," ಎಂದ ಪ್ರಸಾದ್.

ಬುಧವಾರ ಹೊಸ ಸಿಲಿಂಡರ್ ಬಂತು. ಎಂಟೇ ನಿಮಿಷದಲ್ಲಿ ಟೀ ಉಕ್ಕಿತು. ತಕ್ಕಡಿ ಒಮ್ಮೆ ನಡುಗಿ, ತಾನೇ ಮುದ್ರೆ ಒತ್ತಿದ್ದ ನಲವತ್ತು ಚೀಟಿಯನ್ನೂ ಮತ್ತೆ ತೂಗಿತು. ನಲವತ್ತೂ ಸುಳ್ಳು. ಕಬ್ಬಿಣದ ಕೈ ಚೀಟಿಗಳನ್ನು ಅಂಟಿಸಿದ್ದ ಬೋರ್ಡಿನ ತನಕ ಚಾಚಿ ಒಂದೊಂದೇ ಚೀಟಿ ಕಿತ್ತು ಪೆಟ್ಟಿಗೆಗೆ ಸುರಿದುಕೊಂಡಿತು. ಕಿರೀಟಿಯ ಕೀಬೋರ್ಡನ್ನೂ ಬಿಡಲಿಲ್ಲ, ಸುಳ್ಳಿನ ಸಾಧನ. ಕೊನೆಗೆ ಪ್ರಸಾದನ ಜೇಬಿಗೇ ಕೈ ಹಾಕಿ, ಶುಕ್ರವಾರದ ಮಾತು ಕೊಟ್ಟಿದ್ದ ಮೊಬೈಲನ್ನು ಎಳೆದುಕೊಂಡಿತು.

"ಮಾವಾ! ನಿಲ್ಸೀ!"

"ಕಾನೂನು ಅಳಿಯಂದ್ರೇ. ನಾನೇ ಬರ್ದಿದ್ರೂ ನನ್ನ ಮಾತು ಕೇಳಲ್ಲ."

ಬೋರ್ಡ್ ಖಾಲಿಯಾಯಿತು. ಬೋರ್ಡಿನಲ್ಲಿ ಚೀಟಿಯಿಲ್ಲ ಎಂದರೆ ಕೆಲಸ ಬಾಕಿಯಿಲ್ಲ ಎಂದೇ ಪರದೆಯ ಲೆಕ್ಕ. ಗೆರೆ ಕಲ್ಲು ಬಿದ್ದ ಹಾಗೆ ಕೆಳಗಿಳಿದು, ಕಂಪನಿಯ ಇತಿಹಾಸದಲ್ಲಿ ಮೊದಲ ಸಲ ನೆಲ ಮುಟ್ಟಿತು.

"ಮುಟ್ಟಿತು ಸರ್," ಎಂದಳು ವಾರಿಜಾ.

"ಏನ್ರೀ ಮುಟ್ಟಿತು? ಒಂದು ಕೆಲಸನಾದ್ರೂ ಆಗಿದೆಯೇನ್ರೀ?"

"ನೀವು ಗೆರೆ ಅಂದಿದ್ರಿ ಸರ್. ಕೆಲಸ ಅಂದಿರಲಿಲ್ಲ."

ಪ್ರಸಾದ್ ತಕ್ಕಡಿಯ ಕಡೆ ಕೈ ತೋರಿಸಿದ. "ಹಾಗಾದ್ರೆ ನಿಮ್ಮ ರಜಾ ಅರ್ಜೀನೂ ಅದರ ಮೇಲಿಡಿ. ನಿಮ್ಮ ಮಾತಿನ ತೂಕಾನೂ ಗೊತ್ತಾಗ್ಲಿ!"

ವಾರಿಜಾ ಅರ್ಜಿ ತೆಗೆದಳು. ಅರ್ಜಿ ಜಪ್ತಿಯಾದರೆ ಸೀಮಂತವೂ ಪೆಟ್ಟಿಗೆಯೊಳಗೆ. ತಟ್ಟೆಯ ಮೇಲೆ ಇಟ್ಟಳು. "ತಂಗಿ ಸೀಮಂತ. ನಾಲ್ಕು ದಿನ." ಅಷ್ಟು ಹೇಳಿ ಸುಮ್ಮನಾಗಬಹುದಿತ್ತು. ಪೆಟ್ಟಿಗೆ ನೋಡಿ ಭಯವಾಯಿತು. "ನಾಲ್ಕು ಅಂತ ಬರೆದಿದೀನಿ. ಆದ್ರೆ ಅಮ್ಮ ಅಷ್ಟಕ್ಕೆಲ್ಲ ಬಿಡಲ್ಲ."

ಮುಳ್ಳು ನಾಲ್ಕನ್ನು ಹುಡುಕಿತು. ಎಲೆಗಳ ಆ ಕಟ್ಟಿನಲ್ಲಿ ನಾಲ್ಕು ಇರಲಿಲ್ಲ. ಐದರ ಹತ್ತಿರ ಕ್ಷಣ ತಡೆಯಿತು. ಅಮ್ಮನನ್ನೂ ಸೇರಿಸಿಕೊಂಡು ಎಂಟಕ್ಕೆ ಹೋಗಿ ನಿಂತಿತು. ಅರ್ಜಿಯಲ್ಲಿದ್ದ ನಾಲ್ಕನ್ನು ಹೊಡೆದುಹಾಕಿ, ಎಂಟೆಂದು ಒತ್ತಿ, ಠಪ್ಪೆಂದು ಮುದ್ರೆ ಹಾಕಿತು. ಮೂರು ದಿನದಲ್ಲಿ ಅದಕ್ಕೆ ಸಿಕ್ಕ ಒಂದೇ ನಿಜ ಅದು.

ಪ್ರಸಾದ್ ಮುದ್ರೆ ನೋಡಿದ. ಮಾವನನ್ನು ನೋಡಿದ. ಎರಡು ಮಾತಾಡಲಿಲ್ಲ.

ಗುರುವಾರ ಬೆಳಿಗ್ಗೆ ತಿಪಟೂರಿನ ಬಸ್ಸಿನಲ್ಲಿ ಕೂತಿದ್ದ ವಾರಿಜಾಗೆ ಜಯಮ್ಮನ ನಂಬರಿನಿಂದ ಫೋನ್ ಬಂತು. ಮಾತಾಡಿದ್ದು ಪ್ರಸಾದ್. ಪೆಟ್ಟಿಗೆ ತೆರೆಯಲು ತಕ್ಕಡಿಯನ್ನೇ ಬಿಚ್ಚಿ ಹರವಿದ್ದಾರಂತೆ. ಹಿಂದಿನಿಂದ ಗುರುಮಲ್ಲಪ್ಪನವರ ದನಿ ಕೇಳುತ್ತಿತ್ತು:

"ಇನ್ನೆರಡು ದಿನ ಅಳಿಯಂದ್ರೇ! ಆಲ್ಮೋಸ್ಟ್ ಆಗೋಯ್ತು!"

ತೂಗಿ ನೋಡೋಣವೆಂದರೆ ತಕ್ಕಡಿ ಇರಲಿಲ್ಲ.