ಕ್ಲೋನ್ ಮಾಂಸವೂ ನನ್ನ ಮೇಜಿನ ಫೋನೂ

ಎಲ್ಲಿಯೋ ಒಂದು ಕ್ಲೋನ್ ಕರು ಹುಟ್ಟಿದ ಸುದ್ದಿ ಪೇಪರಿನಲ್ಲಿ ಬಂದರೆ ಸಾಕು, ಹೈದರಾಬಾದಿನಲ್ಲಿ ನನ್ನ ಮೇಜಿನ ಫೋನಿಗೆ ಬಿಡುವಿರುವುದಿಲ್ಲ. ನಾನು ಪಶುವೈದ್ಯೆ, ಮಾಂಸ ಪರೀಕ್ಷೆ ಮಾಡುವ ಸರ್ಕಾರಿ ಲ್ಯಾಬಿನಲ್ಲಿ ಕೆಲಸ. ಜನರ ಅನುಮಾನಕ್ಕೆ ಉತ್ತರ ಕೊಡುವುದೂ ನನ್ನ ಪಾಲಿಗೇ ಬಂದಿದೆ. ಕ್ಲೋನ್ ಎಂದರೆ ಒಂದು ಪ್ರಾಣಿಯ ಜೀವಕೋಶದಿಂದ ಥೇಟ್ ಅದರಂಥದೇ ಇನ್ನೊಂದನ್ನು ಹುಟ್ಟಿಸುವುದು, ಅದರ ಮಾಂಸ ನಮ್ಮ ಅಂಗಡಿಗಳಿಗೆ ಬಂದಿಲ್ಲ. ಈ ಎರಡು ಮಾತು ಹೇಳಿ ಫೋನಿಡಬೇಕು. ಎರಡೇ ಮಾತಿಗೆ ಮುಗಿದ ಫೋನು ಇದುವರೆಗೆ ಒಂದೂ ಇಲ್ಲ.

೧. ಎರಡು ಕಾಲು

ಗಚ್ಚಿಬೌಲಿಯ ಅಪಾರ್ಟ್‌ಮೆಂಟಿನಿಂದ ಒಬ್ಬರು ಫೋನ್ ಮಾಡಿದರು. ನಾನು ಕನ್ನಡದವಳೆಂದು ತಿಳಿದು ದನಿ ಇಳಿಸಿದರು.

"ಮೇಡಂ, ಸಾಕ್ಷಿ ಸಿಕ್ಕೈತ್ರಿ. ಕೋಳಿ ಕಾಲು ಎರಡು ತರಿಸೀನಿ. ಎರಡೂ ಒಂದ ನಮೂನಿ ಅದಾವ. ಉದ್ದ ಅಳದೀನಿ, ತೂಕಾನೂ ಮಾಡೀನಿ. ಒಂದರದು ಇನ್ನೊಂದು ಕಾಪಿ ಐತ್ರಿ."

ನನ್ನ ಮೊಬೈಲಿಗೆ ಫೋಟೋ ಕಳಿಸಿದರು. ತಟ್ಟೆಯಲ್ಲಿ ಎರಡು ಕಾಲು, ಪಕ್ಕದಲ್ಲಿ ಮಗಳ ಸ್ಕೇಲು.

"ಕೋಳಿಗೆ ಎರಡು ಕಾಲು ಇರತಾವಲ್ರಿ," ಎಂದೆ. "ಇದು ಎಡಗಾಲು, ಅದು ಬಲಗಾಲು."

ಅವರು ಮೆಲ್ಲಗೆ ಕೇಳಿದರು: "ಇದನ್ನ ಸೀಲು ಹಾಕಿ ಬರದು ಕೊಡ್ತೀರೇನ್ರಿ? ನಮ್ಮ ಮನಿಯಾಕಿ ಮುಂಜಾನಿಂದ ಇದನ್ನ ಹೇಳಾಕತ್ತಾಳ, ಸೀಲು ಇಲ್ಲದ್ದಕ್ಕ ನಾ ನಂಬಿರಲಿಲ್ಲ."

೨. ಬೋರ್ಡು

ಸನತ್‌ನಗರದಲ್ಲಿ ತಂದೆಯ ಕಾಲದಿಂದ ಮಟನ್ ಅಂಗಡಿ ನಡೆಸುವವನೊಬ್ಬನಿದ್ದಾನೆ. ಒಬ್ಬಿಬ್ಬರು ಗಿರಾಕಿಗಳು ಕ್ಲೋನ್ ಬಗ್ಗೆ ವಿಚಾರಿಸಿದರೆಂದು ಅವನು ತೆಲುಗಿನಲ್ಲೂ ಉರ್ದುವಿನಲ್ಲೂ ಬೋರ್ಡು ಬರೆಸಿದ: "ನಮ್ಮಲ್ಲಿ ಕ್ಲೋನ್ ಮಟನ್ ಮಾರುವುದಿಲ್ಲ." ಕ್ಲೋನ್ ಎಂಬ ಮಾತನ್ನೇ ಕೇಳದಿದ್ದ ಗಲ್ಲಿಯವರೆಲ್ಲ ಅದನ್ನು ಓದಿದರು. ಹಾಗಾದರೆ ನಿನ್ನೆಯತನಕ ಏನು ಮಾರುತ್ತಿದ್ದ ಎಂಬ ಪ್ರಶ್ನೆ ಎದ್ದಿತು. ಭಾನುವಾರ ಮಧ್ಯಾಹ್ನವಾದರೂ ಕುರಿಗಳು ಕೊಕ್ಕೆಯಲ್ಲೇ ನೇತಾಡುತ್ತಿದ್ದವು.

ಅವನು ಲ್ಯಾಬಿಗೆ ಬಂದು ಕುಳಿತ. ಮುಖ ಬಾಡಿತ್ತು. ಬೋರ್ಡು ತೆಗೆ ಎಂದೆ. ವಾರದ ಮೇಲೆ ಮತ್ತೆ ಬಂದ.

"ತೆಗೆದೆ ಡಾಕ್ಟರ್ ಸಾಬ್. ಈಗ ಯಾಕೆ ತೆಗೆದೆ, ಮಾರೋಕೆ ಶುರು ಮಾಡಿದೆಯಾ ಅಂತ ಕೇಳ್ತಿದ್ದಾರೆ."

ನನ್ನ ಮಾತು ಕೇಳಿ ಕೆಟ್ಟನಲ್ಲ ಎಂದು ಸಂಕಟವಾಯಿತು. ಮುಂದಿನ ಭಾನುವಾರ ನಾನೇ ಹೋದೆ. ನಾಲ್ಕು ಜನಕ್ಕೆ ಕಾಣುವ ಹಾಗೆ ನಿಂತು, ಲ್ಯಾಬಿನ ಡಾಕ್ಟರ್ ಎಂದು ತಿಳಿಯುವಂತೆ ಗಟ್ಟಿಯಾಗಿ ಮಾತಾಡಿ, ಒಂದು ಕಿಲೋ ಕೊಂಡೆ. ಇನ್ನು ಗಿರಾಕಿಗಳಿಗೆ ಧೈರ್ಯ ಬಂದೀತು ಎಂದುಕೊಳ್ಳುವಷ್ಟರಲ್ಲಿ ಹಿಂದಿದ್ದ ಹೆಂಗಸು ಪಕ್ಕದವಳಿಗೆ ತೆಲುಗಿನಲ್ಲಿ ಹೇಳಿದಳು: "ನೋಡು, ಪರೀಕ್ಷೆಗೆ ಸ್ಯಾಂಪಲ್ ಒಯ್ಯುತ್ತಿದ್ದಾರೆ."

ಅವನ ವ್ಯಾಪಾರ ಮತ್ತೆ ಕುದುರಲು ಮದುವೆಗಳ ಕಾಲವೇ ಬರಬೇಕಾಯಿತು.

೩. ಅಸಲು, ನಕಲು

ಬೇಗಂಪೇಟೆಯಲ್ಲಿ ನಿವೃತ್ತ ಕನ್ನಡಿಗರ ಸಭೆ. ಕ್ಲೋನ್ ಎಂದರೆ ಹೆದರುವಂಥದ್ದಲ್ಲ, ಬೇರೆ ಬೇರೆ ಕಾಲಕ್ಕೆ ಹುಟ್ಟಿದ ಅವಳಿಗಳಿದ್ದಂತೆ ಎಂದು ವಿವರಿಸಿದೆ. ಮುಂದಿನ ಸಾಲಿನಲ್ಲೇ ಒಂದೇ ಅಚ್ಚಿನ ಇಬ್ಬರು ಹಿರಿಯರು ಕುಳಿತಿದ್ದರು. ಅವರಲ್ಲೊಬ್ಬರು ಎದ್ದರು.

"ಮೇಡಂ, ನಾವಿಬ್ರೂ ಅವಳಿ. ಇಂವ ನನಗಿಂತ ಹತ್ತು ನಿಮಿಷ ಮೊದಲು ಹುಟ್ಯಾನ. ತಾ ಅಸಲು, ನಾ ನಕಲು ಅಂತ ಈಗ ಕಿವಿಯಾಗ ಹೇಳಾಕತ್ತಾನ. ಖರೇ ಏನ್ರಿ?"

"ಇಲ್ರಿ, ನೀವಿಬ್ರೂ ಅಸಲ," ಎಂದೆ.

ಎದ್ದು ನಿಂತಿದ್ದ ತಮ್ಮ ಗೆದ್ದವರಂತೆ ಕುಳಿತರು. ಅಣ್ಣ ಸಮಾಧಾನದಿಂದ ಅವರ ತೊಡೆ ತಟ್ಟಿದರು. "ಸಭಾದಾಗ ಮತ್ತ ಹೆಂಗ ಹೇಳಬೇಕು ಅವರು? ನಿನ್ನ ಮರ್ಯಾದಿ ಉಳಿಸ್ಯಾರ. ಸುಮ್ಮನ ಕೂಡು."

೪. ಹೆಪ್ಪು

ನಮ್ಮ ಅತ್ತೆ ಬೀದರಿನವರು. ಒಂದು ಸಂಜೆ ಹಾಲು ಆರಿಸುತ್ತಾ, "ಅದೇನದು, ಎಲ್ಲಾರೂ ನಿನಗ ಕೇಳ್ತಿರತಾರ? ನನಗೂ ಒಂದೀಟು ತಿಳಿಸಿ ಹೇಳು," ಎಂದರು. ನಾನು ಜೀವಕೋಶ, ತತ್ತಿ, ಗರ್ಭ ಎಂದು ಕಾಲು ಗಂಟೆ ಹೇಳಿದೆ. ಅವರು ಕೇಳಿಸಿಕೊಂಡು ಹಾಲಿಗೆ ಒಂದು ಚಮಚ ಮೊಸರು ಬಿಟ್ಟರು.

"ಅಂದ್ರ ಹೆಪ್ಪು ಹಾಕಿದಂಗ. ನಿನ್ನಿ ಮೊಸರು ಒಂದ್ ಚಮಚ ಹಾಕಿದ್ರ ಇವತ್ತೂ ಅದ ಮೊಸರು. ಇದಕ್ಕ ಅಂಜೂದೇನೈತಿ?"

ಇಷ್ಟು ವರ್ಷದ ನನ್ನ ಭಾಷಣಗಳೆಲ್ಲ ಆ ಚಮಚದ ಮುಂದೆ ಸಪ್ಪೆಯಾದವು. ಮುಂದಿನ ವಾರ ಒಂದು ಸರ್ಕಾರಿ ಕಾಲೋನಿಯ ಸಭೆಯಲ್ಲಿ ಆ ಮಾತನ್ನೇ ಹೇಳಿದೆ. ಎಲ್ಲರೂ ತಲೆದೂಗಿದರು. ಮೊದಲ ಸಲ ಯಾರೂ ಜಗಳಕ್ಕೆ ಬರಲಿಲ್ಲ. ಹೋಳಿಗೆ ತಿನ್ನಿಸಿ, ಶಾಲು ಹೊದಿಸಿ ಕಳಿಸಿದರು.

ಎರಡು ದಿನಕ್ಕೆ ಆ ಕಾಲೋನಿಯ, ಕನ್ನಡದವರೇ ಆದ ಕಾರ್ಯದರ್ಶಿಗಳ ಫೋನು ಬಂತು.

"ಮೇಡಂ, ಭಾಷಣ ಭಾಳ ಚಲೋ ಆತ್ರಿ. ಮಟನ್ ಬಗ್ಗೆ ಯಾರಿಗೂ ಅಂಜಿಕಿ ಉಳದಿಲ್ಲ. ಎಲ್ಲಾರೂ ಮೊದಲಿನಂಗ ತರಾಕತ್ತಾರ."

ನನಗೆ ಬಹಳ ಸಂತೋಷವಾಯಿತು. ಅತ್ತೆಯವರದೇ ಪುಣ್ಯ ಎಂದುಕೊಂಡೆ.

"ಒಂದು ಸಣ್ಣ ತೊಂದರಿ ಐತ್ರಿ," ಎಂದರು ಅವರು.

"ಏನ್ರಿ?"

"ಹದಿನಾಲ್ಕು ಮನಿಯವರು ಮೊಸರು ತಿನ್ನೂದ ಬಿಟ್ಟಾರ್ರಿ."