ಕೌದಿಯ ನಾಲ್ಕನೆಯ ಅಂಚು

ನಮ್ಮ ದೊಡ್ಡವ್ವನ ಕೈಗೆ ಸೂಜಿ ಕೊಡಬಾರದು ಎಂದರೆ ಬೀಳಗಿಯಲ್ಲಿ ಯಾರೂ ನಂಬುವುದಿಲ್ಲ. ಮಂದಿಯ ಕೌದಿಯನ್ನು ಹದಿನೈದು ದಿನದಲ್ಲಿ ಮುಗಿಸಿ ಕೊಡುವವಳು ಆಕೆ. ಹಳೆ ಸೀರೆಗಳನ್ನು ಪದರ ಪದರ ಹಾಸಿ, ಮೇಲೆ ಬಟ್ಟೆಯ ತುಂಡು ಕೂಡಿಸಿ, ಗೋಧಿ ಕಾಳಿನಷ್ಟು ಸಣ್ಣ ಹೊಲಿಗೆ ಓಡಿಸಿ, ಕಡೆಗೆ ನಾಲ್ಕೂ ಅಂಚಿಗೆ ಪಟ್ಟಿ ಮಡಚಿ ಹೊಲಿದರೆ ಆಯಿತು, ಕೌದಿ! ಆದರೆ ನನ್ನ ತಂಗಿಯ ಕೂಸಿಗೆ ಹಿಡಿದ ಕೌದಿ ಮಾತ್ರ ಐದು ತಿಂಗಳಾದರೂ ಮುಗಿಯಲಿಲ್ಲ. ಯಾಕೆ? ಅದೇ ನನಗೆ ತಿಳಿಯಲಿಲ್ಲ.

ಕೌದಿ ಮುಗಿಯದೆ ಕೂಸನ್ನು ಕಳಿಸುವಂತಿರಲಿಲ್ಲ. ಅಂಚು ಕಟ್ಟದ ಕೌದಿಯಲ್ಲಿ ಸುತ್ತಿ ಕೂಸನ್ನು ಅಪ್ಪನ ಮನೆಗೆ ಕಳಿಸಬಾರದು, ಅದು ನಮ್ಮ ಮನೆಯ ಪದ್ಧತಿಯಂತೆ.

"ಯಾರ ಮಾಡಿದ್ ಪದ್ಧತಿ ಬೇ ಇದು?" ಎಂದು ಕೇಳಿದೆ.

"ಹಿರ್ಯಾರು ಮಾಡಿದ್ದು."

ಮನೆಯಲ್ಲಿ ಆಕೆಗಿಂತ ಹಿರಿಯರು ಯಾರೂ ಉಳಿದಿರಲಿಲ್ಲ!

ಪಟ್ಟಿಗೆ ಹಸಿರು ಬಟ್ಟೆ ಬೇಕೆಂದು ಹುಡುಕುತ್ತಿದ್ದಳು. ಮರುದಿನ ನೋಡಿದರೆ ನನ್ನ ಹಸಿರು ಅಂಗಿಗೆ ಬೆನ್ನೇ ಇಲ್ಲ.

"ದೊಡ್ಡವ್ವಾ, ಇದನ್ನ ಎರಡ ಸಲಾನೂ ಹಾಕ್ಕೊಂಡಿಲ್ಲ!"

"ಹಳೇದಾದ ಮ್ಯಾಲೆ ಯಾರರೆ ಕೊಡ್ತಾರ. ಅದರಾಗ ಏನ ದೊಡ್ಡಸ್ತಿಕಿ ಐತಿ?"

ನಾನು ಸಿಟ್ಟಾಗಬೇಕೋ ನಾಚಿಕೊಳ್ಳಬೇಕೋ ತಿಳಿಯದೆ ಬನಿಯನ್ನಿನ ಮೇಲೆ ನಿಂತಿದ್ದೆ.

ಮೂರು ಅಂಚು ಮುಗಿದವು. ಬನಹಟ್ಟಿಯಿಂದ ತಂಗಿಯ ಗಂಡ ಕರೆಯಲು ಬಂದ. ಆತ ಕಾಲು ತೊಳೆದುಕೊಂಡು ಒಳಗೆ ಬರುವಷ್ಟರಲ್ಲಿ ದೊಡ್ಡವ್ವ ಮೂರನೆಯ ಅಂಚನ್ನು ಸರಸರ ಬಿಚ್ಚಿಬಿಟ್ಟಿದ್ದಳು. "ಪಟ್ಟಿ ಸೊಟ್ಟ ಆಗೇತ್ರಿ ಅಳಿಯಾರ." ನಾನು ಸ್ಕೇಲು ತಂದು ಇಟ್ಟೆ. ನೆಟ್ಟಗೇ ಇತ್ತು. "ನಿನ್ನ ಸ್ಕೇಲ ಸೊಟ್ಟ ಐತಿ, ಒಳಗಿಡ ಅದನ್ನ!"

ಎರಡನೆಯ ಸಲ ಬಂದಾಗ ರೊಟ್ಟಿಯ ತಕರಾರು. ಕೌದಿ ಹಸಿದಿರಬಾರದು ಎಂದು ಕಡೆಯ ಅಂಚು ಮುಚ್ಚುವ ಮುಂಚೆ ಒಳಗೆ ಒಂದು ಚೂರು ರೊಟ್ಟಿ, ಬೆಲ್ಲ ಇಡುತ್ತಾರೆ. "ಇವತ್ತಿನ ರೊಟ್ಟಿ ಎಲ್ಲಾ ಹರದಾವು. ಹರಕ ರೊಟ್ಟಿ ತಿಂದ ಕೌದಿ ಬಾಳಕಿ ಬರತೈತೇನು?" ಅಳಿಯ ಆ ಹರಕು ರೊಟ್ಟಿಗಳಲ್ಲಿ ಎಂಟನ್ನು ತಿಂದು ಒಬ್ಬನೇ ಬಸ್ಸು ಹತ್ತಿದ.

ಉಳಿದ ದಿನಗಳಲ್ಲಿ ಇನ್ನೊಂದು ನೆಪ. ಹೊಲಿಯಬೇಕಾದ ಅಂಚಿನ ಮೇಲೆಯೇ ಕೂಸನ್ನು ಮಲಗಿಸಿಕೊಂಡು, "ಮಲಗೇತಿ ನೋಡು, ಹೆಂಗ ಜಗ್ಗಲಿ?" ಎನ್ನುವಳು. ಕೂಸು ಎದ್ದರೆ ಆಡಿಸಬೇಕು, ಮಲಗಿದರೆ ಜಗ್ಗಬಾರದು. ಹೊಲಿಯುವುದು ಯಾವಾಗ?

ಅತ್ತ ಬೀಗರಿಗೆ ಸಿಟ್ಟು ಏರುತ್ತಿತ್ತು. ಫೋನಿನಲ್ಲಿ ಬೀಗತಿ, "ಮೊಮ್ಮಗನ ಮಾರಿ ನೋಡಾಕ ನಾವು ಟಿಕೀಟ ತಗಸಬೇಕೇನ್ರಿ?" ಎಂದರು. ತಂಗಿ ಎರಡೂ ಕಡೆಗೆ ಮಾತಾಡಲಾರದೆ ಒಲೆಯ ಮುಂದೆ ಕೂತು ಕಣ್ಣೊರೆಸಿಕೊಂಡಳು. ಹೊಗೆಯೋ ಅಳುವೋ, ಅದೂ ನನಗೆ ಗೊತ್ತಾಗಲಿಲ್ಲ.

ಮೂರನೆಯ ಸಲ ಬಂದ ಅಳಿಯ ನೀರು ಸಹ ಕುಡಿಯದೆ ಕೌದಿಯ ಮುಂದೆ ಕೂತ. ಆತ ಮಗ್ಗದವನು.

"ಅಂಚಿಲ್ಲದ ಅರಿವಿ ಕಣ್ಣಿಗೆ ಬಿದ್ರ ನನಗ ಅನ್ನ ಸೇರಂಗಿಲ್ರಿ ಅತ್ತ್ಯಾರ. ಸೂಜಿ ಕೊಡ್ರಿ, ನಾನ ಹೊಲೀತೇನಿ."

ಹೊಲಿದೇ ಬಿಟ್ಟ! ಮೊಳದುದ್ದ ಹೊಲಿಯುವಷ್ಟರಲ್ಲಿ ಎರಡು ಸಲ ಬೆರಳಿಗೆ ಚುಚ್ಚಿಕೊಂಡ. ಹೊಲಿಗೆ ಎತ್ತು ಉಚ್ಚೆ ಹೊಯ್ದಂತೆ ಡೊಂಕು ಡೊಂಕಾಗಿ ಹೋಯಿತು. ದೊಡ್ಡವ್ವ ನೋಡುವಷ್ಟು ನೋಡಿದಳು.

"ಸರೀರಿ ಅತ್ತಾಗ! ಮಗ್ಗ ನಡಸೂ ಕೈ ಅದು. ನನ್ನ ಕೌದಿ ಕೆಡಸಬ್ಯಾಡ್ರಿ!"

ಸೂಜಿ ಕಿತ್ತುಕೊಂಡಳು, ಅವನ ಹೊಲಿಗೆ ಬಿಚ್ಚಿದಳು, ಊಟದ ಹೊತ್ತಿಗೆ ಮೂರನೆಯ ಅಂಚನ್ನೂ ನಾಲ್ಕನೆಯದನ್ನೂ ಮುಗಿಸಿದಳು. ಒಳಗೆ ರೊಟ್ಟಿ ಬೆಲ್ಲ ಇಟ್ಟೇ ಕೌದಿಯ ಬಾಯಿ ಮುಚ್ಚಿದ್ದಳು. ಐದು ತಿಂಗಳಿಂದ ಎಲ್ಲರೂ ಬೇಕೆಂದದ್ದು ಆಗಿತ್ತು. ಆದರೂ ಆ ದಿನ ಅಳಿಯ ಕೂಡ ಎರಡೇ ರೊಟ್ಟಿಗೆ ಕೈ ತೊಳೆದ.

ಬಸ್ಸಿನ ತನಕ ಬಂದ ದೊಡ್ಡವ್ವ ಕೌದಿಯನ್ನು ಮಡಚಿ ನನ್ನ ಕೈಗಿಟ್ಟಳು. ಅಳಿಯನಿಗೆ ಹೇಳಿದಳು:

"ಕೌದಿ ಹರದ್ರ ಬನಹಟ್ಟಿಯಾಗ ಯಾರ ಕಡೆನೂ ಹೊಲಸಬ್ಯಾಡ್ರಿ. ನನ್ನ ಕಡೆನ ತರ್ರಿ."

ಕಳಿಸಿ ಬರಲು ನಾನೂ ಹೊರಟಿದ್ದೆ. ಜಮಖಂಡಿ ದಾಟಿದ ಮೇಲೆ ಅಳಿಯನ ಕಣ್ಣು ನನ್ನ ತೊಡೆಯ ಮೇಲಿದ್ದ ಕೌದಿಯ ಮೇಲೆ ಬಿತ್ತು. ನಾಲ್ಕನೆಯ ಅಂಚನ್ನು ಎತ್ತಿ ನೋಡಿದ. ಮೂರು ಅಂಚಿಗೆ ಗೋಧಿ ಕಾಳಿನ ಹೊಲಿಗೆ. ಇದಕ್ಕೆ ಹೆಬ್ಬೆರಳಿನಷ್ಟು ಉದ್ದುದ್ದ ಹೊಲಿಗೆ, ಅದೂ ಒಂದೇ ಎಳೆಯ ದಾರ! ಜಗ್ಗಿದರೆ ಅಲ್ಲೇ ಬಿಚ್ಚುವಂತಿತ್ತು.

ನನಗೆ ನಾಚಿಕೆಯಾಯಿತು. "ಅವಸರದಾಗ ಹಂಗ ಹೊಲದಾಳ ಕಾಣಸ್ತೈತಿ. ಊರ ಮುಟ್ಟಿದ ಕೂಡ್ಲೆ ನಾನ ಗಟ್ಟಿ ಮಾಡ್ತೇನ್ರಿ" ಎಂದೆ.

ತಂಗಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅಳಿಯ ಆ ಅಂಚನ್ನು ಹಗುರಾಗಿ ಒಳಗೆ ಮಡಚಿ, ಮೇಲೆ ಕೂಸನ್ನು ಮಲಗಿಸಿದ.

"ಬ್ಯಾಡ್ರಿ. ಹಂಗ ಇರಲಿ. ಪಂಚಮಿ ಬರೂದ್ರಾಗ ಹರೀತೈತಿ."