ವಿಮಾ ಕಂಪನಿಗೆ ಬೇಡವಾದ ಮಾಮಾ

ನಮ್ಮ ಮಾಮಾ ಪುಣೆಯ ಬೀದಿಗಿಳಿದರೆ ಅರ್ಧ ಪೇಟೆ ಬೇರೆ ಗಲ್ಲಿಗೆ ತಿರುಗಿಕೊಳ್ಳುತ್ತಿತ್ತು. ಅವರೇನು ಪೋಲೀಸರಲ್ಲ, ಸಾಲ ಕೇಳುವವರಲ್ಲ, ಸ್ವಂತ ಕವಿತೆ ಓದಿ ಹೇಳುವವರೂ ಅಲ್ಲ! ವಿಮಾ ಕಂಪನಿಯ ಏಜಂಟರು, ನನ್ನ ತಾಯಿಯ ತಮ್ಮ. ಮನುಷ್ಯರನ್ನು ಕಂಡರೆ ಅವರಿಗೆ ಎಲ್ಲಿಲ್ಲದ ಪ್ರೀತಿ. ಆದರೆ ಆ ಪ್ರೀತಿಯೆಲ್ಲ ಒಂದೇ ಪ್ರಶ್ನೆಯಾಗಿ ಹೊರಬೀಳುತ್ತಿತ್ತು: "ನಿಮ್ಮ ತಂದಿಯವರು ಯಾವ ರೋಗದಿಂದ ತೀರಿಕೊಂಡ್ರು?" ನನ್ನ ಮದುವೆಯಲ್ಲಿ ಹೆಣ್ಣಿನ ತಂದೆ ನನ್ನ ಕಾಲು ತೊಳೆಯುತ್ತಿದ್ದಾಗ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅವರಿಗೂ ಇದನ್ನೇ ಕೇಳಿದರು. ತಂಬಿಗೆ ಕೈಜಾರಿ ಬಿತ್ತು. ಪುರೋಹಿತರಿಗೆ ಮಂತ್ರ ಮರೆತುಹೋಯಿತು. ಮಾಮಾ ಮಾತ್ರ ಕೋಟಿನ ಕಿಸೆಯಿಂದ ಫಾರ್ಮು ತೆಗೆದು, "ಅವಸರ ಇಲ್ಲರೀ, ಊಟ ಆದಮ್ಯಾಲೆ ಹೇಳ್ರಿ" ಎಂದರು.

ಮಾಮಾ ಧಾರವಾಡದವರು. ಗುಮಾಸ್ತಿಕೆಗೆಂದು ಪುಣೆಗೆ ಬಂದಾಗ ಇಲ್ಲಿ ಸ್ವದೇಶಿಯ ಕಾವು ಜೋರಾಗಿತ್ತು. ಬಟ್ಟೆ ಸ್ವದೇಶಿ, ಬೆಂಕಿಪೆಟ್ಟಿಗೆ ಸ್ವದೇಶಿ, ಸಾಬೂನೂ ಸ್ವದೇಶಿ. (ಆ ಸಾಬೂನಿನಿಂದ ನೊರೆಯೊಂದು ಬಿಟ್ಟು ಉಳಿದದ್ದೆಲ್ಲ ಬರುತ್ತಿತ್ತು!) ಹೀಗಿರುವಾಗ ಸಾಯುವುದನ್ನು ಮಾತ್ರ ವಿಲಾಯತಿ ಕಂಪನಿಯವರಿಗೆ ಯಾಕೆ ಒಪ್ಪಿಸಬೇಕು? ಒಬ್ಬ ವಕೀಲರು, ಒಬ್ಬ ಡಾಕ್ಟರು, ಗಣಿತ ಕಲಿಸಿ ನಿವೃತ್ತರಾದ ಒಬ್ಬ ಮಾಸ್ತರು ಸೇರಿ ನಮ್ಮವರಿಗಾಗಿ ನಮ್ಮದೇ ಒಂದು ವಿಮಾ ಕಂಪನಿ ತೆಗೆದರು. ಮಾಸ್ತರೇ ಮ್ಯಾನೇಜರು. ಮಾಮಾ ಮೊದಲನೆಯ ಏಜಂಟರು. ಕೆಲವು ವರ್ಷಗಳ ಮೇಲೆ ನಾನು ಮ್ಯಾಟ್ರಿಕ್ ಮುಗಿಸಿ ಅಲ್ಲಿಯೇ ಕಾರಕೂನನಾಗಿ ಸೇರಿದೆ.

ಕಚೇರಿ ಎಂದರೆ ತಾಮ್ರದ ಪಾತ್ರೆ ಮಾಡುವವರ ಓಣಿಯಲ್ಲಿ ಮಹಡಿಯ ಮೇಲೊಂದು ಖೋಲಿ. ಬಾಡಿಗೆ ಕಡಿಮೆ ಯಾಕಿತ್ತೆಂದರೆ ಕೆಳಗೆ ಬೆಳಗಿನಿಂದ ಸಂಜೆಯವರೆಗೆ ಠಣ್ ಠಣ್ ಠಣ್! ಮಾತಾಡುವುದಿದ್ದರೆ ಕೂಗಬೇಕು. ಒಮ್ಮೆ ಭಾರಿ ಗಿರಾಕಿಯೊಬ್ಬರಿಗೆ ಮಾಮಾ ವಿಮೆಯ ಲಾಭ ವಿವರಿಸುತ್ತಿದ್ದರು. ಗಿರಾಕಿ ಕಿವಿಗೆ ಕೈ ಹಚ್ಚಿ "ಯಾವಾಗ ಸಿಗ್ತದ ರೊಕ್ಕಾ?" ಎಂದು ಕೇಳುತ್ತಲೇ ಇದ್ದರು. ಮಾಮಾ ಎದೆ ತುಂಬ ಉಸಿರು ತುಂಬಿಕೊಂಡು, "ನೀವು ಸತ್ತ ಮ್ಯಾಲೇ!" ಎಂದು ಕೂಗುವುದಕ್ಕೂ ಕೆಳಗೆ ಸುತ್ತಿಗೆಗಳೆಲ್ಲ ಒಮ್ಮೆಲೇ ನಿಲ್ಲುವುದಕ್ಕೂ ಸರಿಹೋಯಿತು. ಚಹಾದ ಹೊತ್ತಾಗಿತ್ತಂತೆ. ಇಡೀ ಓಣಿ ಮೇಲೆ ನೋಡಿತು. ಗಿರಾಕಿ ಮೆಟ್ಟಿಲಿಳಿದು ಹೋದವರು ಆ ಓಣಿಯಲ್ಲಿ ಪಾತ್ರೆ ಕೊಳ್ಳುವುದನ್ನೂ ಬಿಟ್ಟರು.

ಇಷ್ಟೆಲ್ಲ ಅವಮಾನ ಮಾಮಾ ಯಾಕೆ ಸಹಿಸಿದರು ಎನ್ನುತ್ತೀರಾ? ಅದಕ್ಕೊಂದು ಕಾರಣವಿತ್ತು. ನನ್ನ ಅಜ್ಜಿ, ಅಂದರೆ ಅವರ ತಾಯಿ, ಇಪ್ಪತ್ತೆರಡನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡವಳು. ಎರಡು ಕೂಸುಗಳನ್ನು ಕಟ್ಟಿಕೊಂಡು, ಸಾಯುವವರೆಗೂ ಬಳಗದವರ ಅಡಿಗೆಮನೆಯ ಮೂಲೆಯಲ್ಲಿ ಬದುಕಿದಳು. ಎಲ್ಲರದೂ ಊಟವಾದ ಮೇಲೆ ಉಳಿದರೆ ಅವಳ ಊಟ. ಮಾಮಾ ಇದನ್ನು ಕಣ್ಣಾರೆ ಕಂಡು ಬೆಳೆದವರು. ನಮ್ಮ ಮಾಮಿಗೆ ಆ ಮೂಲೆ ಬರಬಾರದು, ಅಷ್ಟೇ ಅವರಿಗೆ ಬೇಕಾಗಿದ್ದದ್ದು. ಕಂಪನಿ ತೆಗೆದ ದಿನವೇ ತಮ್ಮ ಹೆಸರಿನ ಫಾರ್ಮು ತುಂಬಿ, ಅಂಗಿ ಬಿಚ್ಚಿ ಡಾಕ್ಟರ ಮುಂದೆ ನಿಂತರು.

ಡಾಕ್ಟರು ಬೆಳಗಾವಿ ಕಡೆಯವರು, ಮಾಮಾನ ಗೆಳೆಯರು. ಎದೆಗೆ ನಳಿಗೆ ಹಚ್ಚಿ ಬಹಳ ಹೊತ್ತು ಕೇಳಿದರು. "ಎದ್ಯಾಗೇನೋ ಸಪ್ಪಳ ಅದರೀ" ಎಂದರು.

"ನನ್ನ ಎದ್ಯಾಗಲ್ರೀ! ಕೆಳಗ ತಾಮ್ರ ಬಡೀತಾರಲ್ರೀ!"

ಓಣಿಗೆ ರಜೆಯಿದ್ದ ದಿನ ಮತ್ತೆ ಪರೀಕ್ಷೆಯಾಯಿತು. ಸಪ್ಪಳ ಅಲ್ಲೇ ಇತ್ತು. ಅರ್ಜಿ ನಾಮಂಜೂರು! ಅಲ್ಲಿಂದ ಪ್ರತಿ ವರ್ಷ ದೀಪಾವಳಿ ಮುಗಿಯುತ್ತಲೇ ಮಾಮಾನದು ಹೊಸ ಅರ್ಜಿ. ಒಂದು ವರ್ಷ ಎದೆ ಗಟ್ಟಿಯಾಗಲೆಂದು ತಿಂಗಳುಗಟ್ಟಲೆ ಪರ್ವತಿ ಗುಡ್ಡ ಹತ್ತಿದರು. ಪರೀಕ್ಷೆಯ ದಿನವೂ ಅಲ್ಲಿಂದಲೇ ಓಡುತ್ತ ಬಂದರು. ಡಾಕ್ಟರು ನಳಿಗೆ ಹಚ್ಚದೆಯೇ ಅವರನ್ನು ಮಲಗಿಸಿ ಬೀಸಣಿಗೆ ಬೀಸಿದರು. ಇನ್ನೊಂದು ವರ್ಷ ತಮ್ಮ ಜಾತಕವನ್ನೇ ತಂದು ಮೇಜಿನ ಮೇಲೆ ಹರವಿದರು. "ನೋಡ್ರಿ, ಎಂಬತ್ನಾಲ್ಕು ವರ್ಷ ಆಯುಷ್ಯ ಬರದಾರ!"

"ಹಂಗಾದ್ರ ಜಾತಕ ಬರದವರ ಹತ್ರನೇ ವಿಮಾ ಇಳಸ್ರಿ" ಎಂದರು ಡಾಕ್ಟರು.

ಜಾತಕ ಎಂದ ಕೂಡಲೇ ನೆನಪಾಯಿತು. ಮಾಮಾನ ವ್ಯಾಪಾರಕ್ಕೆ ದೊಡ್ಡ ಶತ್ರು ಜಾತಕವೇ. ಯಾರನ್ನು ಕೇಳಿದರೂ "ನಂದು ತೊಂಬತ್ತು ಅದ, ವಿಮಾ ಯಾಕ?" ಎನ್ನುವವರೇ. ನೊಂದ ಮಾಮಾ ಪೇಟೆಯ ಒಬ್ಬ ಜ್ಯೋತಿಷಿಯ ಸ್ನೇಹ ಬೆಳೆಸಿದರು. ದಿನಾ ಚಹಾ, ವಾರಕ್ಕೊಮ್ಮೆ ಚೂಡಾ. ಒಂದು ತಿಂಗಳಲ್ಲಿ ಜ್ಯೋತಿಷಿಯ ಬಳಿ ಹೋದವರಿಗೆಲ್ಲ ಐವತ್ತೆರಡನೆಯ ವಯಸ್ಸಿಗೆ ಒಂದು ಗಂಡಾಂತರ ಕಾಣತೊಡಗಿತು! ಆತ ಜಾತಕದ ಕೆಳಗೆ ಕೆಂಪು ಶಾಯಿಯಲ್ಲಿ ಅದನ್ನು ಬರೆದೂ ಕೊಡುತ್ತಿದ್ದ. ಜನ ಹೆದರಿ ನೇರವಾಗಿ ಮಾಮಾನ ಮನೆಗೆ ಬಂದರು. ಒಂದೇ ವಾರದಲ್ಲಿ ಹದಿನಾಲ್ಕು ಫಾರ್ಮು! ಮಾಮಾ ಅವನ್ನೆಲ್ಲ ರೇಷ್ಮೆ ದಾರದಲ್ಲಿ ಕಟ್ಟಿ ಕಚೇರಿಗೆ ತಂದುಕೊಟ್ಟರು.

ಒಂದೇ ಒಂದು ಎಡವಟ್ಟು. ಆಗ ಜನನದ ದಾಖಲೆ ಯಾರ ಮನೆಯಲ್ಲಿರುತ್ತಿತ್ತು? ವಯಸ್ಸಿನ ಪುರಾವೆಗೆ ಕಂಪನಿ ಕೇಳುತ್ತಿದ್ದದ್ದು ಜಾತಕವನ್ನೇ. ಮಾಮಾ ಹದಿನಾಲ್ಕು ಫಾರ್ಮಿಗೂ ಹದಿನಾಲ್ಕು ಜಾತಕ ಲಗತ್ತಿಸಿದ್ದರು, ಕೆಂಪು ಶಾಯಿಯ ಸಮೇತ! ಅವು ಹೋದದ್ದು ಯಾರ ಕೈಗೆ? ಪಂಚಾಂಗ ನೋಡದೆ ಚಹಾ ಸಹ ಕುಡಿಯದ ನಮ್ಮ ಮ್ಯಾನೇಜರ ಕೈಗೆ.

ಮ್ಯಾನೇಜರು ಬೆವರುತ್ತ ಮಾಮಾನನ್ನು ಕರೆಸಿದರು. ಅವರು ಆಡಿದ್ದು ಮರಾಠಿ. ನಾನು ನಮ್ಮ ಮನೆಮಾತಿಗೆ ತಂದು ಹೇಳುತ್ತೇನೆ.

"ಏನ್ರೀ ಇದು! ಹದಿನಾಲ್ಕೂ ಮಂದಿ ಐವತ್ತೆರಡಕ್ಕs ಹೋಗ್ತಾರ! ಕಂಪನಿ ಮುಳುಗಸ್ಬೇಕಂತ ಮಾಡೀರೇನು?"

"ಸಾಹೇಬ್ರ, ಅವೆಲ್ಲಾ ಸುಳ್ಳು ಗಂಡಾಂತರರೀ!"

"ಸುಳ್ಳು ಅಂತ ನಿಮಗ ಹ್ಯಾಂಗ ಗೊತ್ತು?"

"ನಾನs ಬರಿಸೀನಲ್ರೀ!"

ಆಮೇಲೆ ನಡೆದ ಮಂಗಳಾರತಿಯನ್ನು ಬರೆಯುವುದು ಬೇಡ. ಹದಿನಾಲ್ಕು ಮನೆಗೂ ಹೋಗಿ ನಿಜ ಹೇಳಿ, ಕ್ಷಮೆ ಕೇಳಿ ಬರಬೇಕೆಂದು ಅಪ್ಪಣೆಯಾಯಿತು. ಜೊತೆಗೆ ನಾನು, ಸಾಕ್ಷಿಗೆ. ಹದಿಮೂರು ಮನೆಯವರು ಮಾಮಾನನ್ನು ಹಿಗ್ಗಾಮುಗ್ಗಾ ಬೈದು, ಸಾವು ತಪ್ಪಿದ ಖುಷಿಗೆ ಪೇಢೆ ಹಂಚಿ, ಫಾರ್ಮು ಹರಿದು ಹಾಕಿದರು. ಹದಿನಾಲ್ಕನೆಯದು ಪುಣೆಯ ದಂಡಿನ ಪೇಟೆ ಕ್ಯಾಂಪಿನಲ್ಲಿದ್ದ ಬಾಗಲಕೋಟೆ ಕಡೆಯ ಬಟ್ಟೆ ವ್ಯಾಪಾರಿಯ ಮನೆ. ಯಜಮಾನರು ಕೈಯೆತ್ತಿ ಕುಣಿಯುವುದೊಂದು ಬಾಕಿ. ಅವರ ಹೆಂಡತಿ ಮಾತ್ರ ಬಾಗಿಲ ಮರೆಯಿಂದ ಮೆಲ್ಲಗೆ, "ಗಂಡಾಂತರ ಸುಳ್ಳs ಇರ್ಲಿರಿ. ಆ ಫಾರ್ಮು ಮಾತ್ರ ಹರೀಬ್ಯಾಡ್ರಿ" ಎಂದರು. ಮಾಮಾ ಫಾರ್ಮು ತಿರುಗಿ ಕಿಸೆಯಲ್ಲಿಟ್ಟುಕೊಂಡರು.

ಕಂಪನಿಯಲ್ಲೂ ಒಂದು ಕಾಯಿದೆಯಾಯಿತು. ಜಾತಕದಲ್ಲಿ ಹುಟ್ಟಿದ ದಿನ ಬರೆದ ಸಾಲೊಂದನ್ನು ಬಿಟ್ಟು ಉಳಿದದ್ದರ ಮೇಲೆಲ್ಲ ಕಾಗದ ಅಂಟಿಸಿಯೇ ಮ್ಯಾನೇಜರ ಮುಂದೆ ಇಡಬೇಕು. ಆ ಅಂಟಿಸುವ ಕೆಲಸ ನನ್ನದು. ವರ್ಷಗಟ್ಟಲೆ ಪುಣೆಯ ಜನರ ಭವಿಷ್ಯವನ್ನು ಗೋಂದು ಹಚ್ಚಿ ಮುಚ್ಚಿದವನು ನಾನೇ.

ನಾಲ್ಕು ವರ್ಷದ ಮೇಲೆ ಆ ಬಟ್ಟೆ ವ್ಯಾಪಾರಿ ಜ್ವರ ಬಂದು ತೀರಿಕೊಂಡರು. ಐವತ್ತೆರಡಕ್ಕಲ್ಲ, ನಲವತ್ತೊಂದಕ್ಕೆ. ಕಂಪನಿ ತಡಮಾಡದೆ ಹಣ ಮುಟ್ಟಿಸಿತು. ಅಂಗಡಿ ಮುಚ್ಚಲಿಲ್ಲ, ಆಕೆಯೇ ಗಲ್ಲಾಪೆಟ್ಟಿಗೆಯ ಮುಂದೆ ಕೂತರು. ಸಾವಿರ ಭಾಷಣ ಮಾಡದ ಕೆಲಸವನ್ನು ಆ ತೆರೆದ ಅಂಗಡಿ ಮಾಡಿತು. ಜನ ತಾವಾಗಿ ಮೆಟ್ಟಿಲು ಹತ್ತಿ ಬಂದರು. ಸಾಸವಡ, ಇಂದಾಪುರಗಳಿಗೆ ಏಜಂಟರು ಹೋದರು. ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಶಾಖೆಗಳಾದವು. ಒಂದು ಖೋಲಿಯಿದ್ದದ್ದು ಒಂದು ಮಹಡಿಯಾಗಿ, ಕಡೆಗೆ ಕ್ಯಾಂಪಿನ ಹತ್ತಿರ ಸ್ವಂತ ಕಟ್ಟಡವೇ ಎದ್ದಿತು. ಅದರಲ್ಲಿ ಲಿಫ್ಟು ಬೇರೆ! ಒಂದು ದಿನ ಅದು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಒಳಗೆ ಮೂವರು ಅಪರಿಚಿತರು ಮತ್ತು ಮಾಮಾ. ಮುಕ್ಕಾಲು ತಾಸಿನ ಮೇಲೆ ಬಾಗಿಲು ತೆರೆದಾಗ ಮೂವರ ಫಾರ್ಮುಗಳೂ ಭರ್ತಿಯಾಗಿದ್ದವು!

ಹೊಸ ಕಟ್ಟಡಕ್ಕೆ ಬಂದ ವರ್ಷ ಮಾಮಾ ಮತ್ತೆ ಅಂಗಿ ಬಿಚ್ಚಿ ನಿಂತರು. ಡಾಕ್ಟರ ಕೂದಲು ಅಷ್ಟೊತ್ತಿಗೆ ನೆರೆತಿತ್ತು. ನಳಿಗೆ ಕೆಳಗಿಟ್ಟು, "ನಿಮ್ಮಿಂದ ಕಂಪನಿ ಇಷ್ಟು ಬೆಳದದ. ಕಣ್ಣು ಮುಚ್ಚಿ ಸಹಿ ಮಾಡಿಬಿಡ್ಲೇನು?" ಎಂದರು. ನಾನು ಕಾಗದ ಹಿಡಿದು ಅಲ್ಲೇ ನಿಂತಿದ್ದೆ. ಮಾಡಲಿ ದೇವರೇ ಎಂದುಕೊಂಡೆ.

ಮಾಮಾ ಅಂಗಿಯ ಗುಂಡಿ ಹಾಕಿಕೊಂಡರು. "ಬ್ಯಾಡ್ರಿ. ಅದು ಆ ಬಟ್ಟಿ ಅಂಗಡಿ ಹೆಣ್ಮಗಳಂಥವರ ರೊಕ್ಕಾ. ಸುಳ್ಳು ಹೇಳಿ ಅದರಾಗ ಕೈ ಹಾಕಲಾರೆ. ನಾ ಬ್ಯಾರೆ ಹಾದಿ ನೋಡ್ತೀನಿ."

ಮರುದಿನ ಅವರು ಪೇಟೆಯಿಂದ ಬರೆಯುವ ಒಂದು ಪಾಟಿ, ಒಂದು ಪೆನ್ಸಿಲ್ ತಂದು ಮಾಮಿಯ ಮುಂದಿಟ್ಟರು. ಮಾಮಿಗೆ ಆಗ ಮೂವತ್ತು ದಾಟಿತ್ತು.

"ನಿಮಗೇನು ತಲಿ ಕೆಟ್ಟದೇನು? ಈ ವಯಸ್ಸಿನ್ಯಾಗ ಸಾಲಿಗೆ ಹೋಗ್ಲ್ಯಾ?"

"ನನ್ನ ಅಕ್ಷರ ಆಫೀಸಿನ್ಯಾಗ ಯಾರಿಗೂ ತಿಳೀವಲ್ದು. ಮನ್ಯಾಗೊಬ್ಬ ಕಾರಕೂನ ಬೇಕಾಗ್ಯಾನ" ಎಂದು ಮಾಮಾ ಬುರುಡೆ ಬಿಟ್ಟರು.

"ಮರಾಠ್ಯಾಗ ನನಗ ಕಾಯಿಪಲ್ಲೆದಾಕಿನ್ನ ಬೈಲಿಕ್ಕೆ ಬರ್ತದ. ಬರೀಲಿಕ್ಕೆ ಹ್ಯಾಂಗ ಬರಬೇಕು?"

ಬಂದಿತು. ಬರದೆ ಏನು ಮಾಡೀತು? ಮಾಮಾನ ಬೆನ್ನು ಹತ್ತುವ ಚಾಳಿ ಪುಣೆಗೆಲ್ಲ ಗೊತ್ತಿತ್ತು. ಹೆಂಗಸರ ಶಾಲೆಗೆ ತಾವೇ ಬಿಟ್ಟುಬಂದು, ಮನೆಯಲ್ಲಿ ತಾವೇ ಜೋಳದ ಭಕ್ರಿ ಬಡಿಯತೊಡಗಿದರು. ಆ ಭಕ್ರಿಯನ್ನು ನಾನೂ ತಿಂದಿದ್ದೇನೆ. ನಮ್ಮ ಹಳೆಯ ಓಣಿಯ ತಾಮ್ರದವರು ಅದನ್ನು ಬಡಿದು ತಟ್ಟೆ ಮಾಡಬಹುದಿತ್ತು! ವಠಾರದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಗಂಡಸರು ಸೆರಗಿಲ್ಲದೆಯೇ ನಕ್ಕರು. ಸಂಜೆ ಮಾಮಿ ಮಗ್ಗಿ ಒಪ್ಪಿಸಿದರೆ ಮಾಮಾ ತಪ್ಪು ತಿದ್ದುತ್ತಿದ್ದರು. ಆರು ತಿಂಗಳಿಗೆ ಮಾಮಿಯೇ ಅವರ ಫಾರ್ಮುಗಳನ್ನು ತಿದ್ದತೊಡಗಿದರು. ವರ್ಷಗಳು ಹಿಡಿದವು. ಒಮ್ಮೆ ನಾಪಾಸೂ ಆದರು. ಆದರೆ ಕಡೆಗೆ ಶಿಕ್ಷಕಿಯರ ಪರೀಕ್ಷೆ ಪಾಸಾಗಿ, ಹುಡುಗಿಯರ ಶಾಲೆಯೊಂದರಲ್ಲಿ ಶಿಕ್ಷಕಿಯಾದರು. ಮಾಮಾ ಅಂದು ಪೇಟೆಗೆಲ್ಲ ಪೇಢೆ ಹಂಚಿದರು, ಪ್ರತಿ ಪೇಢೆಯ ಜೊತೆಗೂ ಒಂದು ಫಾರ್ಮು.

ಸ್ವಾತಂತ್ರ್ಯ ಬರುವುದಕ್ಕೆ ಕೆಲವು ತಿಂಗಳು ಮುಂಚೆ ಮಾಮಾ ಹೋದರು. ಕೂತಲ್ಲೇ, ಎದೆಗೆ ಕೈಯಿಟ್ಟುಕೊಂಡು. ಡಾಕ್ಟರು ಕೋಲೂರಿಕೊಂಡು ಬಂದು ಅವರ ಕೈ ಹಿಡಿದು ಕೂತರು. "ನಾ ಹೇಳಿದ್ದು ಸುಳ್ಳಾಗಬೇಕಿತ್ತು" ಎಂದು ಒಂದೇ ಸಮನೆ ಹೇಳುತ್ತಿದ್ದರು. ನನ್ನ ಕೆಲಸವೇ ವಿಧವೆಯರ ಮನೆಗೆ ಕಂಪನಿಯ ಕಾಗದ ಒಯ್ಯುವುದು. ಈ ಮನೆಗೆ ಒಯ್ಯಲು ನನ್ನ ಬಳಿ ಏನೂ ಇರಲಿಲ್ಲ. ನಾಚಿಕೆಯಿಂದ ನನಗೆ ಮಾಮಿಯ ಮುಖ ನೋಡಲಾಗಲಿಲ್ಲ.

ಹದಿಮೂರು ದಿನ ಕಳೆದ ಮರುದಿನ ಬಳಗವೆಲ್ಲ ಪಡಸಾಲೆಯಲ್ಲಿ ಸೇರಿತು. ಮಾಮಿಯನ್ನು ಯಾರ ಮನೆಗೆ ಕರೆದೊಯ್ಯುವುದೆಂದು ಚರ್ಚೆ. ಒಬ್ಬರದು ಮನೆ ಸಣ್ಣದು, ಇನ್ನೊಬ್ಬರಿಗೆ ಮಗಳ ಬಾಣಂತನ. "ನಮ್ಮಲ್ಲೇ ಇರ್ಲಿ ಬಿಡ್ರಿ, ಅಡಿಗಿಗೂ ಒಂದು ಕೈ ಆಗ್ತದ" ಎಂದು ಒಬ್ಬರು ಉದಾರವಾಗಿ ಹೇಳಿದರು. ನನ್ನ ತಾಯಿ ಬಾಯಿಗೆ ಸೆರಗಿಟ್ಟುಕೊಂಡು ಅಳತೊಡಗಿದಳು.

ಅಷ್ಟರಲ್ಲಿ ಒಳಗಿನಿಂದ ಮಾಮಿ ಬಂದರು. ಬಿಳಿ ಸೀರೆ, ಬಗಲಲ್ಲಿ ಮಕ್ಕಳ ಹಾಜರಿ ಪುಸ್ತಕ.

"ಸಾರು, ಅನ್ನ ಮಾಡಿಟ್ಟೀನಿ. ಎಲ್ಲಾರೂ ಉಂಡು ನಿಮ್ಮ ನಿಮ್ಮ ಊರಿಗೆ ಹೋಗ್ರಿ" ಎಂದರು. "ನಾ ಎಲ್ಲಿಗೂ ಬರೂದಿಲ್ಲ. ನಮ್ಮ ಹುಡುಗ್ಯಾರ ಪರೀಕ್ಷಾ ಹತ್ರ ಬಂದದ, ನನಗ ಹೊತ್ತಾತು."

ಮಾಮಿ ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದರು. ನಾನು ಕಿಟಕಿಗೆ ಹೋಗಿ ನೋಡಿದೆ. ಓಣಿಯ ತಿರುವಿನಲ್ಲಿ ಎರಡು ಜಡೆಯ ನಾಲ್ಕಾರು ಹುಡುಗಿಯರು ಅವರಿಗಾಗಿಯೇ ಕಾಯುತ್ತ ನಿಂತಿದ್ದರು. ಅವರ ನಡುವೆ ಸೇರಿಕೊಂಡು, ತಲೆಯೆತ್ತಿ, ಮಾಮಿ ಶಾಲೆಯ ದಾರಿ ಹಿಡಿದರು.